ಜ್ಞಾನಕ್ಕೆ ವಿಳಾಸ ಬರೆದ ಲೆಕ್ಕದ ಮೇಷ್ಟ್ರು

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಒಬ್ಬರ ಹೊಲದಲ್ಲಿ ಅರಿಶಿನಕ್ಕೆ ಗೆಡ್ಡೆ ಕೊಳೆ ರೋಗ ಬಂದಿದೆ ಅಂತ ಇಟ್ಕೊಳ್ಳಿ. ಆ ಮನೆಯ ಮಗಳು ಡಿಗ್ರಿ ಓದಿದವಳು. ಇದಕ್ಕೆ ಸಂಶೋಧನೆಯಲ್ಲಿ ಏನು ಉತ್ತರ ಇದೆ ಅಂತ ಹುಡುಕೋಕೆ ಹೊರಡ್ತಾಳೆ. ಎಲ್ಲಿಗೆ ಹೋಗಬೇಕು?

ರೋಗ ತರುವ ಜೀವಿಯ ಬಗ್ಗೆ ಬರೆದದ್ದು ಜೀವವಿಜ್ಞಾನದ ಪತ್ರಿಕೆಯಲ್ಲಿದೆ. ಯಾವ ಔಷಧಿ ನಿಜಕ್ಕೂ ಕೆಲಸ ಮಾಡಿತು, ಯಾವುದು ಬರೀ ಅದೃಷ್ಟ ಅಂತ ಬೇರ್ಪಡಿಸುವ ಲೆಕ್ಕ ಸಂಖ್ಯಾಶಾಸ್ತ್ರದ್ದು, ಅಂದ್ರೆ ಗಣಿತದ್ದು. ಇಷ್ಟೆಲ್ಲ ಖರ್ಚು ಮಾಡಿ ಬೆಳೆ ಉಳಿಸಿಕೊಂಡರೆ ಮಾರುಕಟ್ಟೆಯಲ್ಲಿ ಗಿಟ್ಟುತ್ತಾ ಅನ್ನೋದು ವಾಣಿಜ್ಯದ ಪ್ರಶ್ನೆ. ಹೊಲ ಒಂದೇ, ರೋಗ ಒಂದೇ. ಆದರೆ ಅದರ ಬಗೆಗಿನ ತಿಳಿವಳಿಕೆ ಮೂರು ಬೇರೆ ಬೇರೆ ಕಟ್ಟಡಗಳಲ್ಲಿ ಕೂತಿದೆ. ಮೂರಕ್ಕೂ ಬೇರೆ ಬೇರೆ ಬೀಗ.

ಈ ತೊಡಕನ್ನು ನೂರು ವರ್ಷದ ಹಿಂದೆಯೇ ಹಿಡಿದು, ಅದನ್ನು ಬಿಡಿಸೋದಕ್ಕೆ ಇಡೀ ಬದುಕನ್ನು ಕೊಟ್ಟವರು ಒಬ್ಬ ಗಣಿತದ ಮೇಷ್ಟ್ರು. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಲೈಬ್ರರಿ ಸೈನ್ಸ್ ಓದಿದವರಿಗೆ ಅವರು ದೇವರ ಪಟ. ಪ್ರತಿ ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಹಾರ ಹಾಕ್ತಾರೆ. ಉಳಿದವರಿಗೆ ಹೆಚ್ಚೆಂದರೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ. ಆದರೆ ಅವರ ಬದುಕನ್ನು ರಾಜಕೀಯವಾಗಿ ಓದಬೇಕು ಅನ್ನೋದು ನನ್ನ ವಾದ. ಯಾಕಂದ್ರೆ ಅವರು ಕೇಳಿದ್ದು ಎರಡೇ ಪ್ರಶ್ನೆ: ಜ್ಞಾನವನ್ನು ಹೇಗೆ ಜೋಡಿಸಬೇಕು, ಮತ್ತು ಅದರ ಖರ್ಚನ್ನು ಯಾರು ಕೊಡಬೇಕು. ಮೊದಲನೆಯದು ಗಣಿತದ ಪ್ರಶ್ನೆ. ಎರಡನೆಯದು ತೆರಿಗೆಯ ಪ್ರಶ್ನೆ. ಎರಡಕ್ಕೂ ಉತ್ತರ ಬರೆದಿಟ್ಟೇ ಅವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಶಿಯಾಳಿಯಿಂದ ಮಂಗಳೂರಿಗೆ

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈಗ ಅದನ್ನು ಸೀರ್ಕಾಳಿ ಅಂತಾರೆ. ಆರನೇ ವಯಸ್ಸಿಗೆ ತಂದೆ ತೀರಿಕೊಂಡರು. ಹುಡುಗನ ಆರೋಗ್ಯ ಅಷ್ಟಕ್ಕಷ್ಟೇ, ಮಾತಾಡುವಾಗ ತೊದಲು ಬೇರೆ. ಮುಂದೆ ಜಗತ್ತಿನ ವೇದಿಕೆಗಳಲ್ಲಿ ನಿಂತು ಮಾತಾಡಿದ ಮನುಷ್ಯ ಶುರು ಮಾಡಿದ್ದು ಹೀಗೆ.

ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದರು. 1913ರಲ್ಲಿ ಬಿಎ, 1916ರಲ್ಲಿ ಎಂಎ. ಅಲ್ಲಿ ಸಿಕ್ಕ ಪ್ರೊಫೆಸರ್ ಎಡ್ವರ್ಡ್ ರಾಸ್ ಅವರನ್ನು ಕೊನೆವರೆಗೂ ಗುರು ಅಂತಲೇ ಭಾವಿಸಿದರು. ಆಮೇಲೆ ಸೈದಾಪೇಟೆಯ ಟೀಚರ್ಸ್ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಮುಗಿಸಿ, 1917ರಲ್ಲಿ ಮೊದಲ ಕೆಲಸಕ್ಕೆ ಬಂದು ಸೇರಿದ್ದು ಎಲ್ಲಿಗೆ ಗೊತ್ತಾ? ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಭಾಗ. 1920ರವರೆಗೆ ಅಲ್ಲಿ ಗಣಿತ ಕಲಿಸಿದರು. ಕನ್ನಡ ನಾಡಿನ ಜೊತೆಗಿನ ಅವರ ನಂಟು ಶುರುವಾದದ್ದು ಲೈಬ್ರರಿಯಿಂದಲ್ಲ, ಕರಿಹಲಗೆಯಿಂದ. ಅಲ್ಲಿಂದ ಕೊಯಮತ್ತೂರು, ನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

1923ರ ಕೊನೆಗೆ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕನ ಹುದ್ದೆಗೆ ಅರ್ಜಿ ಕರೆಯಿತು. ಮೇಷ್ಟ್ರ ಸಂಬಳಕ್ಕಿಂತ ಚೆನ್ನಾಗಿದ್ದ ಸಂಬಳ. ಲೈಬ್ರರಿ ನಡೆಸಿದ ಅನುಭವ ಯಾವ ಅಭ್ಯರ್ಥಿಗೂ ಇರಲಿಲ್ಲ. ರಂಗನಾಥನ್ ಸಂದರ್ಶನಕ್ಕೆ ಮೊದಲು ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋಗಿದ್ದರಂತೆ. ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದರು.

ಸೇರಿ ಕೆಲವೇ ದಿನಕ್ಕೆ ಬೇಸತ್ತು ಹೋದರು. ತರಗತಿ ಇಲ್ಲ, ಹುಡುಗರಿಲ್ಲ, ಪ್ರಶ್ನೆ ಕೇಳುವವರಿಲ್ಲ. ಧೂಳು ಹಿಡಿದ ಪುಸ್ತಕಗಳ ನಡುವೆ ಒಬ್ಬರೇ. ವಾಪಸ್ ಕಾಲೇಜಿಗೆ ಕರ್ಕೊಳ್ಳಿ ಅಂತ ಹೋಗಿ ಕೇಳಿಕೊಂಡರು. ಒಮ್ಮೆ ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬರಲಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅನ್ನೋ ಉತ್ತರ ಬಂತು. ಹೀಗೆ ಹಡಗು ಹತ್ತಿದರು.

ಆಟಿಕೆ ಅಂಗಡಿಯಲ್ಲಿ ಸಿಕ್ಕ ಉತ್ತರ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಪುಸ್ತಕ ವರ್ಗೀಕರಣ ಕಲಿಸುತ್ತಿದ್ದರು. ತರಗತಿಯ ಜೊತೆಗೆ ಇಂಗ್ಲೆಂಡಿನ ಹತ್ತಾರು ಗ್ರಂಥಾಲಯ ಸುತ್ತಿದ ರಂಗನಾಥನ್‌ಗೆ ಎರಡು ವಿಷಯ ಕಣ್ಣಿಗೆ ಬಿದ್ದವು. ಒಂದು, ಅಲ್ಲಿ ಕಾರ್ಮಿಕರು, ಗೃಹಿಣಿಯರು, ಮಕ್ಕಳು ಎಲ್ಲರೂ ಲೈಬ್ರರಿಗೆ ಬರುತ್ತಿದ್ದರು, ಖರ್ಚನ್ನು ಊರಿನ ತೆರಿಗೆ ಹೊರುತ್ತಿತ್ತು. ಎರಡು, ಅಲ್ಲಿನ ಪುಸ್ತಕಗಳನ್ನು ಜೋಡಿಸಿದ ಕ್ರಮ ಒಬ್ಬ ಗಣಿತಜ್ಞನಿಗೆ ತೃಪ್ತಿ ಕೊಡುವಂತಿರಲಿಲ್ಲ.

ಆಗ ಎಲ್ಲೆಡೆ ಚಾಲ್ತಿಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಇಡೀ ಜ್ಞಾನವನ್ನು ಹತ್ತು ಭಾಗ ಮಾಡು, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡು, ಹೀಗೆ. ನಮ್ಮ ಸರ್ಕಾರಿ ಕಚೇರಿಗಳ ಹಾಗೆ. ಮೊದಲೇ ಇಲಾಖೆಗಳಿವೆ, ನಿಮ್ಮ ಸಮಸ್ಯೆ ಯಾವುದಾದರೂ ಒಂದು ಇಲಾಖೆಗೆ ಸೇರಲೇಬೇಕು. ಎರಡು ಇಲಾಖೆಗೆ ಸೇರುವ ಸಮಸ್ಯೆ ಇದ್ದರೆ ಅದು ನಿಮ್ಮ ಹಣೆಬರಹ. ಹೊಸ ವಿಷಯ ಹುಟ್ಟಿದರೆ ಅದಕ್ಕೆ ಖಾಲಿ ಜಾಗ ಎಲ್ಲಿದೆ ಅಂತ ಹುಡುಕಬೇಕು.

ರಂಗನಾಥನ್ ಒಂದು ದಿನ ಲಂಡನ್ನಿನ ಸೆಲ್ಫ್ರಿಜಸ್ ಮಳಿಗೆಯಲ್ಲಿ ಮೆಕ್ಯಾನೊ ಅನ್ನುವ ಆಟಿಕೆ ಮಾರೋದನ್ನು ನೋಡಿದರು. ಲೋಹದ ಪಟ್ಟಿ, ಚಕ್ರ, ನಟ್ಟು, ಬೋಲ್ಟು, ಇಷ್ಟೇ. ಆದರೆ ಇವನ್ನೇ ಬೇರೆ ಬೇರೆ ಥರ ಜೋಡಿಸಿದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ, ಒಮ್ಮೆ ಗಾಡಿ. ಸಿದ್ಧ ಮಾಡಿಟ್ಟ ಗೊಂಬೆಯಲ್ಲಿ ಒಂದೇ ಆಟ, ಇದರಲ್ಲಿ ನೂರಾರು. ಅಲ್ಲೇ ಅವರಿಗೆ ಹೊಳೆಯಿತು. ಜ್ಞಾನಕ್ಕೆ ಸಿದ್ಧ ಡಬ್ಬಿಗಳನ್ನು ಮಾಡಿಡುವ ಬದಲು ಬಿಡಿಭಾಗಗಳ ಪಟ್ಟಿ ಮಾಡಿಡೋಣ. ಪುಸ್ತಕ ಬಂದಾಗ ಅದಕ್ಕೆ ಬೇಕಾದ ಭಾಗಗಳನ್ನು ಆರಿಸಿ ಜೋಡಿಸೋಣ. ನಟ್ಟು ಬೋಲ್ಟಿನ ಕೆಲಸಕ್ಕೆ ಒಂದು ಚಿಹ್ನೆ ಸಾಕು. ಅವರು ಆರಿಸಿಕೊಂಡದ್ದು ಕೋಲನ್, ಅಂದರೆ ಒಂದರ ಮೇಲೊಂದು ಇಡುವ ಎರಡು ಚುಕ್ಕಿ.

1925ರಲ್ಲಿ ವಾಪಸ್ ಬರುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೇ ಈ ಪದ್ಧತಿಯನ್ನು ಪ್ರಯೋಗ ಮಾಡಿ ನೋಡಿದರು. ಬೇಸತ್ತು ಓಡಿಹೋಗಲು ಹೊರಟಿದ್ದ ಮೇಷ್ಟ್ರು ಮತ್ತೆ ಗಣಿತದ ತರಗತಿಗೆ ಹೋಗಲೇ ಇಲ್ಲ. ಕೋಲನ್ ಕ್ಲಾಸಿಫಿಕೇಷನ್ ಪುಸ್ತಕವಾಗಿ ಬಂದದ್ದು 1933ರಲ್ಲಿ.

ಅರಿಶಿನಕ್ಕೆ ಐದು ಪ್ರಶ್ನೆ

ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ತಟ್ಟನೆ ಅರ್ಥವಾಗುತ್ತೆ. ಆನ್‌ಲೈನ್ ಅಂಗಡಿಯಲ್ಲಿ ಶರ್ಟ್ ಹುಡುಕುವಾಗ ಬಣ್ಣ, ಅಳತೆ, ಬೆಲೆ, ಬಟ್ಟೆ ಅಂತ ಒಂದೊಂದೇ ಫಿಲ್ಟರ್ ಹಾಕ್ತೀವಲ್ಲ, ಅದರ ಹಿಂದಿನ ತರ್ಕ ಇದೇ. ಒಂದು ವಸ್ತುವಿಗೆ ಹಲವು ಮುಖ, ಯಾವ ಮುಖದಿಂದ ಬಂದರೂ ಅದು ಸಿಗಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಬರೀ ಪುಸ್ತಕದ ಬೆನ್ನ ಮೇಲೆ ಬರೆಯುವ ಅಕ್ಷರ ಅಂಕಿಗಳಲ್ಲಿ ರಂಗನಾಥನ್ ಇದನ್ನು ಸಾಧಿಸಿದರು.

ಅವರ ಪದ್ಧತಿಯಲ್ಲಿ ಮುಖ್ಯ ವಿಷಯಗಳಿಗೆ ರೋಮನ್ ಅಕ್ಷರಗಳು. ಗಣಿತಕ್ಕೆ ಬಿ, ಜೀವವಿಜ್ಞಾನಕ್ಕೆ ಜಿ, ಕೃಷಿಗೆ ಜೆ, ವೈದ್ಯಕ್ಕೆ ಎಲ್, ಅರ್ಥಶಾಸ್ತ್ರಕ್ಕೆ ಎಕ್ಸ್. ವ್ಯಾಪಾರ, ಹಣಕಾಸು ಎಲ್ಲ ಈ ಎಕ್ಸ್ ಒಳಗೆ. ಪ್ರತಿ ವಿಷಯದ ಒಳಗೂ ಐದು ಪ್ರಶ್ನೆ ಕೇಳಬೇಕು ಅಂತ 1950ರ ದಶಕದ ಹೊತ್ತಿಗೆ ಖಚಿತ ಮಾಡಿಕೊಂಡರು. ಯಾವುದರ ಬಗ್ಗೆ? ಅದರ ಯಾವ ವಸ್ತು ಅಥವಾ ಗುಣ? ಅದಕ್ಕೆ ಏನಾಗುತ್ತಿದೆ ಅಥವಾ ಏನು ಮಾಡುತ್ತಿದ್ದಾರೆ? ಎಲ್ಲಿ? ಯಾವಾಗ? ಭೀಮನಬೀಡಿನ ಹುಡುಗಿಯ ಪ್ರಶ್ನೆಯನ್ನು ಇದಕ್ಕೆ ಹಾಕಿ ನೋಡಿ. ಬೆಳೆ ಅರಿಶಿನ, ಭಾಗ ಗೆಡ್ಡೆ, ಆಗಿರೋದು ಕೊಳೆ ರೋಗ, ಬೇಕಿರೋದು ತಡೆ, ಸ್ಥಳ ಗುಂಡ್ಲುಪೇಟೆ, ಕಾಲ ಈ ದಶಕ. ಇಷ್ಟನ್ನೂ ಹೊತ್ತ ಒಂದು ಸಂಖ್ಯೆ ಸಿದ್ಧ. ಆ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕವೋ ಮಾರುಕಟ್ಟೆಯ ಲೆಕ್ಕವೋ ಮುಖ್ಯವಾಗಿದ್ದರೆ, ಎರಡು ವಿಷಯಗಳ ನಡುವಿನ ನಂಟನ್ನು ತೋರಿಸೋದಕ್ಕೂ ಬೇರೆ ಚಿಹ್ನೆ ಇತ್ತು.

ಇದರಲ್ಲಿ ರಾಜಕೀಯ ಎಲ್ಲಿದೆ ಅಂತೀರಾ? ಹುಡುಕುವವರ ಪ್ರಶ್ನೆಯ ಆಕಾರಕ್ಕೆ ಜ್ಞಾನ ಬಗ್ಗಬೇಕು ಅಂತ ಅವರು ಪಟ್ಟು ಹಿಡಿದರು. ಡಿಪಾರ್ಟ್‌ಮೆಂಟುಗಳ ಗಡಿಗೆ ಓದುಗರು ಬಗ್ಗಬೇಕು ಅನ್ನೋದು ಹಳೆಯ ಕ್ರಮ. ರೈತರ, ರೋಗಿಯ, ಕಾರ್ಮಿಕರ ಸಮಸ್ಯೆ ಯಾವತ್ತೂ ಒಂದು ಡಿಪಾರ್ಟ್‌ಮೆಂಟಿನೊಳಗೆ ಕೂರೋದಿಲ್ಲ. ಹಾಗಾಗಿ ಹಳೆಯ ಕ್ರಮದಲ್ಲಿ ಸೋಲೋದು ಅವರೇ.

ಎತ್ತಿನ ಗಾಡಿಯ ಮೇಲೆ ಪುಸ್ತಕ

ಮದ್ರಾಸಿಗೆ ಮರಳಿದ ರಂಗನಾಥನ್ ಮಾಡಿದ ಕೆಲಸಗಳ ಪಟ್ಟಿ ದೊಡ್ಡದು. ಬೀಗ ಹಾಕಿಡುತ್ತಿದ್ದ ಕಪಾಟುಗಳನ್ನು ತೆರೆದಿಟ್ಟರು. ಓದುಗರು ತಾವೇ ಹೋಗಿ ಪುಸ್ತಕ ಎತ್ತಿಕೊಳ್ಳಲಿ ಅಂದರು. ಹುಡುಕೋಕೆ ಗೊತ್ತಾಗದವರಿಗೆ ಸಹಾಯ ಮಾಡಲೆಂದೇ ಸಿಬ್ಬಂದಿ ಇಟ್ಟರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಕಟ್ಟಿದವರಲ್ಲಿ ಅವರೇ ಮುಂದು.

ಅದೇ ವರ್ಷ ಮೊದಲ ಪತ್ನಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. 1929ರಲ್ಲಿ ಶಾರದಾ ಅವರನ್ನು ಮದುವೆಯಾದರು. ಕೆಲಸದ ಹುಚ್ಚು ಎಷ್ಟಿತ್ತು ಅಂದರೆ ಮದ್ರಾಸಿನ 20 ವರ್ಷದಲ್ಲಿ ರಜೆ ಅನ್ನೋದನ್ನೇ ತೆಗೆದುಕೊಳ್ಳಲಿಲ್ಲ, ಮದುವೆಯ ದಿನವೂ ಲೈಬ್ರರಿಗೆ ಹೋಗಿದ್ದರು ಅಂತ ಅವರ ಶಿಷ್ಯರು ಹೇಳಿಕೊಂಡು ಬಂದಿದ್ದಾರೆ.

1931ರಲ್ಲಿ ಅವರ ಅತಿ ಪ್ರಸಿದ್ಧ ಪುಸ್ತಕ ಬಂತು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ. ಯೂಕ್ಲಿಡ್ ಕೆಲವೇ ಸ್ವಯಂಸಿದ್ಧಗಳಿಂದ ಇಡೀ ರೇಖಾಗಣಿತ ಕಟ್ಟಿದ ಹಾಗೆ ಐದೇ ಮಾತಿನಿಂದ ಇಡೀ ಕ್ಷೇತ್ರವನ್ನು ಕಟ್ಟುವ ಪ್ರಯತ್ನ ಅದು. ಮೊದಲನೆಯದನ್ನು ಬಾಯಿಗೆ ತಂದುಕೊಟ್ಟವರು ಗುರು ರಾಸ್ ಅವರೇ. ಸೂತ್ರಗಳ ತಿರುಳು ಇಷ್ಟು: ಪುಸ್ತಕವನ್ನು ಕಾಪಾಡೋದಕ್ಕಿಂತ ಬಳಸೋದು ಮುಖ್ಯ. ಓದಬೇಕು ಅನ್ನುವ ಯಾರಿಗೂ ಅವರಿಗೆ ಬೇಕಾದದ್ದು ತಪ್ಪಬಾರದು. ಬರೆದಿಟ್ಟ ಯಾವುದೂ ಓದುವವರಿಲ್ಲದೆ ಕೊಳೆಯಬಾರದು. ಹುಡುಕುವವರ ಸಮಯ ಹಾಳಾಗಬಾರದು. ಮತ್ತು ಲೈಬ್ರರಿ ಬೆಳೆಯುತ್ತಲೇ ಇರುವ ಜೀವಿ, ಅದನ್ನು ಹಾಗೇ ನೋಡಿಕೊಳ್ಳಬೇಕು.

ಕೇಳೋಕೆ ಸರಳ. ಆದರೆ ಎರಡನೆಯದನ್ನು ನಿಜವಾಗಿ ಜಾರಿ ಮಾಡಿ ನೋಡಿ. ಹೆಂಗಸರು, ಬಡವರು, ಹಳ್ಳಿಯವರು, ಅಂಗವಿಕಲರು ಎಲ್ಲರನ್ನೂ ಓದುಗರ ಲೆಕ್ಕಕ್ಕೆ ಸೇರಿಸಬೇಕಾಗುತ್ತೆ. ಸೇರಿಸಿದ ಮೇಲೆ ಹಣ ಯಾರದು ಅನ್ನೋ ಪ್ರಶ್ನೆ ಏಳುತ್ತೆ. ಈ ದಾರಿಯಲ್ಲೇ ನಡೆದು ಅವರು ಕಾನೂನಿಗೆ ಬಂದು ಮುಟ್ಟಿದರು.

1931ರ ಅಕ್ಟೋಬರ್‌ನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿ ಸುತ್ತಮುತ್ತ ಎತ್ತಿನ ಗಾಡಿಯ ಮೇಲೆ ಲೈಬ್ರರಿ ಹೊರಟಿತು. ಕನಕಸಭೈ ಪಿಳ್ಳೈ ಎಂಬ ಎಂಜಿನಿಯರ್ ಕಟ್ಟಿಸಿಕೊಟ್ಟ ಗಾಡಿ. ಊರೂರಿಗೆ ಹೋಗಿ ನಿಲ್ಲೋದು, ಪುಸ್ತಕ ಕೊಡೋದು, ಓದೋಕೆ ಬಾರದವರಿಗೆ ಓದಿ ಹೇಳೋದು. ದಾನಿಯೊಬ್ಬರ ಗಾಡಿಯಿಂದ ಒಂದು ತಾಲ್ಲೂಕು ಸುತ್ತಬಹುದು, ಇಡೀ ಪ್ರಾಂತ್ಯ ಸುತ್ತೋಕಾಗಲ್ಲ. ದಾನಿ ಸತ್ತರೆ ಗಾಡಿ ನಿಲ್ಲುತ್ತೆ. ಲೈಬ್ರರಿ ದಾನವಾಗಿ ಉಳಿಯಬಾರದು, ರಸ್ತೆ, ನೀರಿನ ಹಾಗೆ ಹಕ್ಕಾಗಬೇಕು, ಅದಕ್ಕೆ ಪ್ರತ್ಯೇಕ ತೆರಿಗೆ ಬೇಕು ಅಂತ ರಂಗನಾಥನ್ ಮಸೂದೆಗಳನ್ನು ಬರೆಯುತ್ತಲೇ ಹೋದರು. ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕುವ ವ್ಯವಸ್ಥೆ ಅದರಲ್ಲಿತ್ತು.

ಕೊಳ್ಳೇಗಾಲಕ್ಕೆ ಕಾನೂನು, ಗುಂಡ್ಲುಪೇಟೆಗೆ ಇಲ್ಲ

ಇಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಒಂದು ಸೋಜಿಗ ಇದೆ. ಈಗ ಒಂದೇ ಜಿಲ್ಲೆಯಲ್ಲಿರುವ ಕೊಳ್ಳೇಗಾಲ, ಗುಂಡ್ಲುಪೇಟೆ 1956ರವರೆಗೆ ಬೇರೆ ಬೇರೆ ರಾಜ್ಯದಲ್ಲಿದ್ದವು. ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗುಂಡ್ಲುಪೇಟೆ ಮೈಸೂರಿನದು. ಹಾಗಾಗಿ 1948ರ ಕಾಯ್ದೆಯ ವ್ಯಾಪ್ತಿಗೆ ಕೊಳ್ಳೇಗಾಲ ಬಂತು, ಭೀಮನಬೀಡು ಬರಲಿಲ್ಲ. ಒಬ್ಬ ಗಣಿತದ ಮೇಷ್ಟ್ರು ಮದ್ರಾಸಿನಲ್ಲಿ ಕೂತು ಬರೆದ ಕಾನೂನು ಕಾವೇರಿ ಬಯಲಿನವರೆಗೆ ಬಂದು, ಈ ಕಡೆಯ ಗಡಿಯಲ್ಲಿ ನಿಂತುಬಿಟ್ಟಿತು.

ಮೈಸೂರು ಸಂಸ್ಥಾನದಲ್ಲಿ ಲೈಬ್ರರಿಗಳೇ ಇರಲಿಲ್ಲ ಅಂತಲ್ಲ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಲೈಬ್ರರಿ 1915ರಷ್ಟು ಹಳೆಯದು. ಆದರೆ ಅದು ದೊರೆ, ದಿವಾನರ ಒಳ್ಳೆಯ ಮನಸ್ಸಿನಿಂದ ಬಂದದ್ದು. ಹಳ್ಳಿಯವರು ಹಕ್ಕಿನಿಂದ ಕೇಳಬಹುದಾದ ಕಾನೂನು ಇರಲಿಲ್ಲ. ಏಕೀಕರಣವಾದಾಗ ಮದ್ರಾಸ್ ಭಾಗಕ್ಕೆ ಒಂದು ಕಾಯ್ದೆ, ಹೈದರಾಬಾದ್ ಭಾಗಕ್ಕೆ 1955ರ ಇನ್ನೊಂದು ಕಾಯ್ದೆ, ಹಳೇ ಮೈಸೂರಿಗೆ ಯಾವುದೂ ಇಲ್ಲ ಅನ್ನುವ ಸ್ಥಿತಿ. ಕೊನೆಗೆ ಇಡೀ ರಾಜ್ಯಕ್ಕೆ ಅಂತ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ. ಜಾರಿಗೆ ಬಂದದ್ದು 1966ರ ನವೆಂಬರ್ 1ಕ್ಕೆ. ಗ್ರಂಥಾಲಯ ಕರ ಇದರಲ್ಲೂ ಇತ್ತು. ಅಷ್ಟು ಹೊತ್ತಿಗೆ ಆ ಯೋಚನೆಯ ಮೂಲಪುರುಷ ಬೆಂಗಳೂರಿನಲ್ಲೇ ನೆಲೆಸಿದ್ದರು.

ಬೆಂಗಳೂರಿನ ಕೊನೆಯ ವರ್ಷಗಳು

ಮದ್ರಾಸ್ ಬಿಟ್ಟ ಮೇಲೆ ರಂಗನಾಥನ್ 1945ರಿಂದ 1947ರವರೆಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿನ ಸುಮಾರು 1 ಲಕ್ಷ ಪುಸ್ತಕಗಳನ್ನು ಹೆಚ್ಚುಕಡಿಮೆ ಒಬ್ಬರೇ ಕೂತು ವರ್ಗೀಕರಿಸಿದರು. ನಂತರ ದೆಹಲಿ ವಿಶ್ವವಿದ್ಯಾಲಯ, ಆಮೇಲೆ 1955ರಿಂದ ಎರಡು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್. ಜೀವಮಾನದ ಉಳಿತಾಯದಲ್ಲಿ 1 ಲಕ್ಷ ರೂಪಾಯಿಯನ್ನು ಪತ್ನಿಯ ಹೆಸರಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು ಒಂದು ಪೀಠ ಸ್ಥಾಪಿಸಿದರು. 1950ರ ದಶಕದಲ್ಲಿ 1 ಲಕ್ಷ ಅಂದರೆ ಎಷ್ಟು ದೊಡ್ಡ ಮೊತ್ತ ಅಂತ ಹಿರಿಯರನ್ನು ಕೇಳಿ ನೋಡಿ.

1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಶುರುವಾಯಿತು. ಎಲ್ಲರೂ ಡಿಆರ್‌ಟಿಸಿ ಅಂತಾರೆ. ಇದನ್ನು ನಡೆಸಲು ಮುಂದೆ ಬಂದದ್ದು ಪಿ.ಸಿ. ಮಹಲನೋಬಿಸ್ ಅವರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಈ ಜೋಡಿಯನ್ನು ಸ್ವಲ್ಪ ಗಮನಿಸಿ. ಮಹಲನೋಬಿಸ್ ಕೂಡ ವಿಷಯಗಳ ಗಡಿಯನ್ನು ಲೆಕ್ಕಕ್ಕೆ ಇಟ್ಟವರಲ್ಲ. ಮನುಷ್ಯರ ದೇಹದ ಅಳತೆಗಳಿಂದ ಹೊಸ ಗಣಿತ ಹುಟ್ಟಿಸಿದರು, ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜಿಸಿದರು, ಎರಡನೇ ಪಂಚವಾರ್ಷಿಕ ಯೋಜನೆಗೆ ಆರ್ಥಿಕ ಮಾದರಿ ಕೊಟ್ಟರು. ಗಣಿತ, ಜೀವವಿಜ್ಞಾನ, ಉದ್ಯಮ ಮೂರನ್ನೂ ಒಂದೇ ಮನೆಯಲ್ಲಿಟ್ಟ ಸಂಸ್ಥೆಗೆ, ಆ ಮೂರನ್ನೂ ಒಂದೇ ಸಂಖ್ಯೆಯಲ್ಲಿ ಬರೆಯಬಲ್ಲ ಮನುಷ್ಯ ಬೇಕಾಗಿದ್ದರು.

ಬೆಂಗಳೂರು ಆಗ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಸಾರ್ವಜನಿಕ ಕಾರ್ಖಾನೆಗಳ ಊರು. ಐಐಎಸ್‌ಸಿ ಮೊದಲೇ ಇತ್ತು. ಮೈಸೂರಿನಲ್ಲಿ 1950ರಿಂದ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ. ಜಗತ್ತಿನಲ್ಲಿ ಎಲ್ಲೋ ಪ್ರಕಟವಾದ ಒಂದು ಲೇಖನ, ಇಲ್ಲಿನ ಪ್ರಯೋಗಾಲಯದಲ್ಲಿ ಬೇಕಾದವರ ಮೇಜಿಗೆ ತಡವಿಲ್ಲದೆ ತಲುಪಬೇಕು, ಇಲ್ಲದಿದ್ದರೆ ಬೇರೆಯವರು ಕಂಡುಹಿಡಿದದ್ದನ್ನೇ ಮತ್ತೆ ಕಂಡುಹಿಡಿಯೋಕೆ ಬಡ ದೇಶದ ದುಡ್ಡು ಹೋಗುತ್ತೆ. ಡಾಕ್ಯುಮೆಂಟೇಷನ್ ಅನ್ನೋ ಒಣ ಹೆಸರಿನ ಹಿಂದೆ ಇದ್ದದ್ದು ಈ ಕಾಳಜಿ. ಸಂಬಳಕ್ಕೆ ಆಸೆಪಡದೆ, ಗೌರವ ಪ್ರಾಧ್ಯಾಪಕರಾಗಿ ಆ ಕೇಂದ್ರ ಕಟ್ಟಿದರು. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಸ್ಥಾನ ಬಂದವು. ನಡುವೆ ಹಳೆಯ ಪ್ರೀತಿ ಬಿಡಲಿಲ್ಲ. 1967ರಲ್ಲಿ ಗಣಿತಜ್ಞ ರಾಮಾನುಜನ್ ಬಗ್ಗೆ ಪುಸ್ತಕ ಬರೆದರು. 1972ರ ಸೆಪ್ಟೆಂಬರ್ 27ರಂದು, 80ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು.

ಪೂಜೆಯಿಂದ ಆಚೆ

ರಂಗನಾಥನ್ ಅವರನ್ನು ಪೂಜಿಸಿ ಸುಮ್ಮನಾಗೋದು ಸುಲಭ. ಅವರ ಮಿತಿಗಳನ್ನೂ ನೋಡಬೇಕು. ಅವರ ಬರಹದಲ್ಲಿ ವೇದಾಂತದ ಪರಿಭಾಷೆ, ಅಂತರ್ದೃಷ್ಟಿಯ ಮಾತು ಧಾರಾಳ. ಐದು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಅವರಿಟ್ಟ ಹೆಸರು ವ್ಯಕ್ತಿತ್ವ. ಅದೇನು ಅಂತ ಬಿಡಿಸಿ ಹೇಳೋದು ಅವರಿಗೇ ಕಷ್ಟವಾಗಿತ್ತು. ಪರಿಪೂರ್ಣತೆಯ ಹಠ ಎಷ್ಟೆಂದರೆ ಆವೃತ್ತಿಯಿಂದ ಆವೃತ್ತಿಗೆ ನಿಯಮ ಬದಲಾಯಿಸುತ್ತಾ ಹೋದರು. ಸಾವಿರಾರು ಪುಸ್ತಕಕ್ಕೆ ನಂಬರು ಬರೆದಿಟ್ಟ ಗ್ರಂಥಪಾಲಕರಿಗೆ ಪ್ರತಿ ಸಲ ಹೊಸದಾಗಿ ಬರೆಯಿರಿ ಅಂದರೆ ಯಾರು ತಾನೆ ಕೇಳ್ತಾರೆ? ಬಹುಪಾಲು ಲೈಬ್ರರಿಗಳು ಡ್ಯೂಯಿಯನ್ನೇ ಹಿಡಿದುಕೊಂಡವು. ಬ್ರಿಟನ್ನಿನಲ್ಲಿ 1952ರಲ್ಲಿ ಹುಟ್ಟಿದ ಕ್ಲಾಸಿಫಿಕೇಷನ್ ರಿಸರ್ಚ್ ಗ್ರೂಪ್ ಅವರ ತತ್ವವನ್ನು ಎತ್ತಿಕೊಂಡು ಬೆಳೆಸಿತು. ನಮ್ಮಲ್ಲಿ ಅದು ಪರೀಕ್ಷೆಯ ಪಠ್ಯವಾಗಿ ಉಳಿಯಿತು.

ಇನ್ನೊಂದು ಮಾತು. ಲೈಬ್ರರಿಯ ಬಾಗಿಲು ಎಲ್ಲರಿಗೂ ತೆರೆದಿದೆ ಅಂತ ಕಾನೂನು ಬರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರೋದಿಲ್ಲ. ಅಕ್ಷರವನ್ನೇ ಕೆಲವು ಜಾತಿಗಳಿಗೆ ನಿಷೇಧಿಸಿದ್ದ ಸಮಾಜ ಇದು. ಊರಿನ ಲೈಬ್ರರಿ ಯಾವ ಬೀದಿಯಲ್ಲಿದೆ, ಯಾರ ಜಗಲಿ ಪಕ್ಕದಲ್ಲಿದೆ, ಅಲ್ಲಿಗೆ ಯಾರು ಹೆದರದೆ ಹೋಗಬಹುದು ಅನ್ನೋದಕ್ಕೆ ಐದು ಸೂತ್ರಗಳಲ್ಲಿ ನೇರ ಉತ್ತರ ಸಿಗೋದಿಲ್ಲ. ಆದರೆ ಯಾರನ್ನೂ ಬಿಡಬಾರದು ಅನ್ನುವ ಎರಡನೇ ಸೂತ್ರವನ್ನು ಹಿಡಿದು ಆ ಪ್ರಶ್ನೆಯನ್ನು ನಾವು ಕೇಳಬಹುದು. ಕೇಳಬೇಕಾದವರೂ ನಾವೇ.

ಕಟ್ಟಿದ ಕರ ಎಲ್ಲಿ ಹೋಯ್ತು?

ಈಗ ಲೆಕ್ಕಕ್ಕೆ ಬರೋಣ. ಕರ್ನಾಟಕದಲ್ಲಿ ಇವತ್ತು ಆಸ್ತಿ ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಇದೆ. ನಿಮ್ಮ ಮನೆಯ ಕಂದಾಯ ರಸೀದಿ ತೆಗೆದು ನೋಡಿ. ವಸೂಲಿ ಮಾಡೋದು ಸ್ಥಳೀಯ ಸಂಸ್ಥೆ, ಅದನ್ನು ಗ್ರಂಥಾಲಯಗಳಿಗೆ ದಾಟಿಸಬೇಕು. ಜನರಿಂದ ವಸೂಲಾದ ಈ ಹಣ ಪೂರ್ತಿಯಾಗಿ ಲೈಬ್ರರಿಗೆ ತಲುಪುತ್ತಿಲ್ಲ, ಅದರಲ್ಲೂ ಬೆಂಗಳೂರಿನ ಪಾಲಿಕೆ ದೊಡ್ಡ ಬಾಕಿ ಉಳಿಸಿಕೊಂಡಿದೆ ಅನ್ನುವ ಸುದ್ದಿ ವರ್ಷ ವರ್ಷವೂ ಬರುತ್ತೆ, ಹೋಗುತ್ತೆ. ರಂಗನಾಥನ್ ದಶಕಗಳ ಕಾಲ ಗುದ್ದಾಡಿದ್ದು ಈ ಒಂದು ಕರಕ್ಕಾಗಿ. ಕಾನೂನು ಮಾಡಿಸಿದರು. ವಸೂಲಿಯೂ ಆಗುತ್ತಿದೆ. ಸೋರುತ್ತಿರೋದು ನಡುವಿನ ಕೊಳವೆಯಲ್ಲಿ.

ಹಳ್ಳಿ ಕಡೆ ಬನ್ನಿ. 2019ರಲ್ಲಿ ರಾಜ್ಯದ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವಕ್ಕೆ ಅರಿವು ಕೇಂದ್ರ ಅನ್ನುವ ಚೆಂದದ ಹೆಸರು. ಎಷ್ಟೋ ಕಡೆ ಕಂಪ್ಯೂಟರ್ ಬಂದಿವೆ, ಮಕ್ಕಳ ಸದಸ್ಯತ್ವ ಉಚಿತವಾಗಿದೆ, ಗೋಡೆಗಳಿಗೆ ಬಣ್ಣ ಬಂದಿದೆ. ಇದು ನಿಜವಾದ ಬದಲಾವಣೆ, ಒಪ್ಪಿಕೊಳ್ಳೋಣ. ಅದೇ ಹೊತ್ತಿಗೆ ಇವನ್ನು ನಡೆಸುವ ಮೇಲ್ವಿಚಾರಕರು ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಧರಣಿ ಕೂರಬೇಕಾಯಿತು ಅನ್ನೋದೂ ನಿಜ. ಹುಡುಕುವವರ ಸಮಯ ಉಳಿಸಬೇಕಾದ ಮನುಷ್ಯನಿಗೆ ತನ್ನ ಹೊಟ್ಟೆಪಾಡಿನದ್ದೇ ಚಿಂತೆಯಾದರೆ ಯಾವ ಸೂತ್ರ ತಾನೇ ನಡೆಯುತ್ತೆ?

ಇನ್ನು ಸಂಶೋಧನೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆ. ಗಣಿತ, ಜೀವವಿಜ್ಞಾನ, ಮ್ಯಾನೇಜ್‌ಮೆಂಟ್ ಎಲ್ಲವೂ ಒಂದೇ ಬಾಗಿಲಿನಲ್ಲಿ. ಸರ್ಕಾರಿ ಕಾಲೇಜಿನಲ್ಲಿ ಕಲಿಯುತ್ತಿರುವವರಿಗೆ ಇದು ಒಳ್ಳೆಯದೇ. ಆದರೆ ಡಿಗ್ರಿ ಮುಗಿಸಿ ಮನೆಗೆ ಬಂದ ಭೀಮನಬೀಡಿನ ಹುಡುಗಿ? ಕಾಲೇಜಿನ ಗುರುತಿನ ಚೀಟಿಯ ಜೊತೆಗೇ ಅವಳ ಪ್ರವೇಶವೂ ಮುಗಿಯಿತು. ಅವಳೂರಿನ ಅರಿವು ಕೇಂದ್ರ ಈ ಯೋಜನೆಯ ಪಟ್ಟಿಯಲ್ಲಿಲ್ಲ. 6,000 ಕೋಟಿಯಲ್ಲಿ ಅವಳ ಅಪ್ಪ ಕೊಂಡ ರಸಗೊಬ್ಬರದ ಮೇಲಿನ ಜಿಎಸ್‌ಟಿಯೂ ಇದೆ.

ಹತ್ತಿರದ ವಿಶ್ವವಿದ್ಯಾಲಯವಾದರೂ ಇದೆಯಲ್ಲ ಅಂದುಕೊಂಡರೆ, ಹೊಸದಾಗಿ ಬಂದ ಚಾಮರಾಜನಗರ ವಿಶ್ವವಿದ್ಯಾಲಯವೂ 2025ರಲ್ಲಿ ಸಂಪುಟ ಉಪಸಮಿತಿಯ ಎದುರು ಮುಚ್ಚಬಹುದಾದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬಂತು. ಕಾರಣ, ದುಡ್ಡಿಲ್ಲ.

ಗುಂಡ್ಲುಪೇಟೆಯಿಂದ ಹೊರಡುವ ಹೆದ್ದಾರಿ ಬಂಡೀಪುರದ ಕಾಡು ದಾಟಿ ಸೀದಾ ಕೋಝಿಕ್ಕೋಡ್‌ಗೆ ಹೋಗುತ್ತೆ. ಅಲ್ಲಿ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅರಿಶಿನದ ಬಗ್ಗೆ ದೇಶದ ಮುಖ್ಯ ಸಂಶೋಧನೆ ನಡೆಯೋದು ಅಲ್ಲೇ. ಕಾಡಿನ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತೆ. ನಮ್ಮ ಅರಿಶಿನದ ಲಾರಿ ಅಷ್ಟರಲ್ಲಿ ಹೋಗಿ ಬರಬಹುದು. ಆದರೆ ಅಲ್ಲಿನ ಪ್ರಯೋಗದ ಫಲಿತಾಂಶ ದುಬಾರಿ ಪತ್ರಿಕೆಯಲ್ಲಿ ಅಚ್ಚಾದರೆ, ಅದೂ ಇಂಗ್ಲಿಷಿನಲ್ಲಿ, ಅದರ ಗೇಟು ನಮಗೆ ಹಗಲೂ ಮುಚ್ಚಿದ್ದೇ.

ಹಾಗಾದರೆ ಕೇಳಬೇಕಾದ್ದು ಏನು? ಮೂರು ವಿಷಯ. ವಸೂಲಾದ ಗ್ರಂಥಾಲಯ ಕರದ ಲೆಕ್ಕವನ್ನು ಪ್ರತಿ ಸ್ಥಳೀಯ ಸಂಸ್ಥೆ ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಸರ್ಕಾರದ ದುಡ್ಡಿನಲ್ಲಿ ಕೊಂಡ ಸಂಶೋಧನಾ ಪತ್ರಿಕೆಗಳು ಅರಿವು ಕೇಂದ್ರದ ಕಂಪ್ಯೂಟರಿನಲ್ಲೂ ತೆರೆಯಬೇಕು. ಬೆಳೆ, ರೋಗ, ಬೆಲೆ ಮೂರನ್ನೂ ಕನ್ನಡದಲ್ಲಿ ಒಂದೇ ಕಡೆ ಹುಡುಕಿಕೊಡಬಲ್ಲ ತರಬೇತಾದ, ಬದುಕೋಕೆ ಸಾಕಾಗುವ ಸಂಬಳ ಪಡೆಯುವ ಒಬ್ಬ ಮನುಷ್ಯ ಪ್ರತಿ ಪಂಚಾಯಿತಿಯಲ್ಲಿ ಕೂತಿರಬೇಕು. ಮೊದಲನೆಯದನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇವತ್ತೇ ಕೇಳಬಹುದು. ಉಳಿದೆರಡನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಬಹುದು.

ಆಗಸ್ಟ್ 12ಕ್ಕೆ ಪಟಕ್ಕೆ ಹಾರ ಹಾಕುವವರು ಹಾಕಲಿ. ಆ ದಿನ ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿ, ನಿಮ್ಮ ಹೊಲದ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಬರೆದು ಪಂಚಾಯಿತಿಗೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ.